ಅವರ ವಿಚ್ಛೇದನ, ನಮ್ಮ ಮನೆಯಲ್ಲಿ ವಿಚಾರಣೆ

ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಯಲ್ಲಿ ಕಾರಣ ಬರೆಯಬೇಕಾಗಿಲ್ಲ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿಸಿದ 13ಬಿ ಕಲಮು ಕೇಳುವುದು ಮೂರೇ ಮಾತು: ಒಂದು ವರ್ಷದಿಂದ ಬೇರೆ ಬೇರೆ ಇದ್ದೇವೆ, ಕೂಡಿ ಬಾಳಲು ಆಗಲಿಲ್ಲ, ಮದುವೆಯನ್ನು ಮುಗಿಸಲು ಇಬ್ಬರೂ ಒಪ್ಪಿದ್ದೇವೆ. ಆ ಒಪ್ಪಿಗೆ ಬಲವಂತದ್ದಲ್ಲ ಎಂದು ಖಚಿತವಾದರೆ, ಯಾರದು ಸರಿ ಯಾರದು ತಪ್ಪು ಎಂದು ನ್ಯಾಯಾಧೀಶರು ಕೆದಕಲು ಹೋಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಕೋರಿದರೂ ಸಾಕು, ಕೌಟುಂಬಿಕ ನ್ಯಾಯಾಲಯ ಬಾಗಿಲು ಮುಚ್ಚಿ ವಿಚಾರಣೆ ನಡೆಸಬೇಕು. ಇಷ್ಟು ಸಭ್ಯತೆ ಸ್ನೇಹಿತರಲ್ಲಿ ಇರುವುದಿಲ್ಲ. ನಮಗೆ ಕಾರಣ ಬೇಕೇ ಬೇಕು.

ನಮ್ಮದು ನಾಲ್ಕು ಜೋಡಿಗಳ ಬಳಗ. ಗಂಡಸರಲ್ಲಿ ಇಬ್ಬರು ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಉಳಿದವರು ಕೆಲಸ, ಬಾಡಿಗೆ ಮನೆ, ಮಕ್ಕಳ ಶಾಲೆ ಎಂದು ಬೆಂಗಳೂರಿನಲ್ಲಿ ಒಬ್ಬೊಬ್ಬರಾಗಿ ಸೇರಿಕೊಂಡವರು. ಆ ಒಂದೇ ಕೋಣೆಯ ಇಬ್ಬರಲ್ಲಿ ಒಬ್ಬರು ನನ್ನ ಗಂಡ. ಇನ್ನೊಬ್ಬ, ಮಗಳು ಹೈಸ್ಕೂಲಿಗೆ ಬಂದ ವರ್ಷ, ಹೆಂಡತಿಯಿಂದ ಬೇರೆಯಾದ. ಆ ಹೆಂಡತಿ ಅಷ್ಟು ಹೊತ್ತಿಗೆ ನನಗೆ ಎಲ್ಲರಿಗಿಂತ ಹತ್ತಿರದ ಗೆಳತಿಯಾಗಿದ್ದಳು. ಹೆಸರುಗಳು ಬೇಡ, ಗೆಳೆಯ, ಗೆಳತಿ ಎಂದೇ ಕರೆಯುತ್ತೇನೆ. ಇದನ್ನು ಬರೆಯುತ್ತಿರುವುದು ಇಬ್ಬರಿಗೂ ಗೊತ್ತಿದೆ. "ಬರೆ, ಆದರೆ ನನ್ನನ್ನು ಬಡಪಾಯಿ ಮಾಡಬೇಡ" ಎಂದಳು ಗೆಳತಿ. ಗೆಳೆಯ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದ.

ಸುದ್ದಿ ಗೊತ್ತಾದ ದಿನದಿಂದ ಬಳಗದಲ್ಲಿ ಒಂದೇ ಪ್ರಶ್ನೆ: ಅಂಥದ್ದೇನಾಯಿತು? ಗೆಳೆಯ ಕುಡಿಯುವವನಲ್ಲ. ಕೈ ಎತ್ತಿದವನಲ್ಲ. ಅವನಿಗಾಗಲೀ ಅವಳಿಗಾಗಲೀ ಇನ್ನೊಬ್ಬರ ಸಹವಾಸವಿರಲಿಲ್ಲ. ಅತ್ತೆಯ ಕಾಟವೆನ್ನಲು ಅತ್ತೆ ಹಾಸನ ಬಿಟ್ಟು ಬಂದವರೇ ಅಲ್ಲ. ಒಂದೊಂದೇ ಕಾರಣ ಬಿದ್ದುಹೋಗುತ್ತಿದ್ದಂತೆ ನಮ್ಮ ಮುಖಗಳು ಹಗುರವಾಗಬೇಕಿತ್ತು, ಬದಲಿಗೆ ಕಳೆಗುಂದತೊಡಗಿದವು. ನಾವು ಹುಡುಕುತ್ತಿದ್ದ ಕಾರಣ ಅವರಿಗಾಗಿ ಆಗಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಅವನು ಕುಡುಕನಾಗಿದ್ದರೆ, ಕುಡಿಯದ ಗಂಡನಿರುವ ನಾನು ಕ್ಷೇಮ. ಅವಳು ಬೇರೆ ಯಾರನ್ನೋ ಮೆಚ್ಚಿದ್ದರೆ, ನನ್ನ ಗಂಡ ಕ್ಷೇಮ. ಏನೂ ಆಗದೆ, ಸಭ್ಯರಾದ ಇಬ್ಬರು, ಸಾಲದ ಕಂತು ಕಟ್ಟಿಕೊಂಡು, ಮಗಳ ಪರೀಕ್ಷೆಗೆ ಸರದಿಯಲ್ಲಿ ರಜೆ ಹಾಕಿಕೊಂಡು ಇದ್ದವರು ಸುಮ್ಮನೆ ಬೇರೆಯಾಗಬಹುದೆಂದರೆ ಯಾರ ಮನೆಯ ಬಾಗಿಲಿಗೆ ಯಾವ ಚಿಲಕ?

ಈ ಭಯಕ್ಕೆ ಅಂಕಿಸಂಖ್ಯೆಯ ಬೆಂಬಲವೂ ಇದೆ ಎಂದು ಬಳಗದ ಒಬ್ಬಳು ಲೇಖನವೊಂದನ್ನು ಕಳಿಸಿದಳು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಂ ಎಂಬ ಊರಿನಲ್ಲಿ 1948ರಿಂದ ಹೃದ್ರೋಗದ ಅಧ್ಯಯನ ನಡೆಯುತ್ತಿದೆ. ಮುಂದೆ ಸಂಪರ್ಕ ತಪ್ಪಬಾರದೆಂದು ಅಲ್ಲಿನವರು ಭಾಗವಹಿಸಿದವರ ಸ್ನೇಹಿತರ ಹೆಸರುಗಳನ್ನೂ ಬರೆದುಕೊಳ್ಳುತ್ತಿದ್ದರು. ಆ ಹಳೆಯ ದಾಖಲೆಗಳನ್ನಿಟ್ಟುಕೊಂಡು ರೋಸ್ ಮೆಕ್‌ಡರ್ಮಟ್, ಜೇಮ್ಸ್ ಫೌಲರ್ ಮತ್ತು ನಿಕೊಲಸ್ ಕ್ರಿಸ್ಟಾಕಿಸ್ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು: ಸ್ನೇಹಿತರೊಬ್ಬರು ವಿಚ್ಛೇದನ ಪಡೆದರೆ ನಾವೂ ಪಡೆಯುವ ಸಾಧ್ಯತೆ ಶೇ. 75ರಷ್ಟು ಹೆಚ್ಚು, ಸ್ನೇಹಿತರ ಸ್ನೇಹಿತರಾದರೆ ಶೇ. 33ರಷ್ಟು. ವಿಚ್ಛೇದನ ಅಂಟುಜಾಡ್ಯ ಎಂಬ ತಲೆಬರಹಗಳು ಹುಟ್ಟಿದ್ದು ಇಲ್ಲಿಂದ.

ಇಂಥ ಲೆಕ್ಕಗಳನ್ನು ನಂಬುವ ಮುನ್ನ ಇನ್ನೊಂದನ್ನು ಓದಬೇಕು. 2008ರಲ್ಲಿ ಎಥನ್ ಕೊಹೆನ್-ಕೋಲ್ ಮತ್ತು ಜೇಸನ್ ಫ್ಲೆಚರ್ ಎಂಬ ಇಬ್ಬರು ಇದೇ ಬಗೆಯ ಲೆಕ್ಕಾಚಾರವನ್ನು ಹದಿಹರೆಯದವರ ಮೊಡವೆ, ತಲೆನೋವು ಮತ್ತು ಎತ್ತರಕ್ಕೆ ಹಚ್ಚಿ ನೋಡಿದರು. ಗೆಳೆಯನ ಎತ್ತರವೂ ಗೆಳೆಯನಿಗೆ ಅಂಟುತ್ತದೆ ಎಂಬ ಉತ್ತರ ಬಂತು! ಒಂದೇ ಪರಿಸರದಲ್ಲಿ ಬೆಳೆದವರು ಎಂಬುದನ್ನು ಲೆಕ್ಕಕ್ಕೆ ಸೇರಿಸಿದಾಗ ಆ ಅಂಟು ಮಾಯವಾಯಿತು. ಒಂದೇ ವಯಸ್ಸಿನ, ಒಂದೇ ಬಗೆಯ ಕೆಲಸದ, ಒಂದೇ ರಸ್ತೆಯ ವಾಹನ ದಟ್ಟಣೆಯಲ್ಲಿ ಸಂಜೆಗಳನ್ನು ಕಳೆಯುವ ನಾಲ್ಕು ಜೋಡಿಗಳಿಗೆ ಒಂದೇ ತೊಂದರೆ ಬಂದರೆ ಅದಕ್ಕೆ ಸೋಂಕು ಎನ್ನುವುದು ಹೇಗೆ? ನನ್ನ ಮಟ್ಟಿಗೆ ಹೇಳುವುದಾದರೆ ಸ್ನೇಹಿತರ ವಿಚ್ಛೇದನ ನಮಗೆ ಅಂಟುವುದಿಲ್ಲ. ಅದು ಬೇರೆಯದೇ ಕೆಲಸ ಮಾಡುತ್ತದೆ. ನಮ್ಮ ಮನೆಯಲ್ಲಿ ಅದು ಮಾಡಿದ್ದನ್ನು ಹೇಳುತ್ತೇನೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆ ದಿನಗಳಲ್ಲಿ ನಮ್ಮ ಜಗಳ ಶುರುವಾಗುತ್ತಿದ್ದದ್ದೇ ಉಂಡು ಮಲಗಿದ ಮೇಲೆ. ಅದೂ ಇನ್ನೊಬ್ಬರ ಜಗಳ. ಮಗ ಮಲಗಿದ ನಂತರ ಇವರು ನಿಟ್ಟುಸಿರು ಬಿಟ್ಟು, "ಅವಳಿಗೆ ಏನು ಕಡಿಮೆಯಾಗಿತ್ತು ಹೇಳು" ಎಂದು ಆರಂಭಿಸುತ್ತಿದ್ದರು. ಗೆಳೆಯ ಕಂಪನಿಯ ಕೆಲಸದ ಮೇಲೆ ಎರಡು ವರ್ಷ ಹೊರದೇಶದಲ್ಲಿದ್ದು ಬಂದವನು, ಬಂದ ಮೇಲೆ ಸರ್ಜಾಪುರದ ಕಡೆ ಮನೆ ಕೊಂಡವನು. "ಎಲ್ಲ ಅವಳಿಗಾಗಿಯೇ ಮಾಡಿದ" ಎಂಬುದು ಇವರ ವಾದ. "ಅವಳನ್ನು ಕೇಳದೆ ಮಾಡಿದ" ಎಂಬುದು ನನ್ನದು. ಅವಳ ಕಚೇರಿ ಇರುವುದು ರಾಜಾಜಿನಗರದ ಆಚೆ. ಸರ್ಜಾಪುರದಿಂದ ದಿನವೂ ಹೋಗಿ ಬರುವುದೆಂದರೇನು ಎಂದು ಯಾರಾದರೂ ಯೋಚಿಸಿದರೇ ಎಂದು ನಾನು. ಒಳ್ಳೆಯ ಬೆಲೆಗೆ ಸಿಕ್ಕಾಗ ನಿರ್ಧಾರ ಮಾಡಬೇಕಾಗುತ್ತದೆ ಎಂದು ಇವರು. ಹೀಗೆ ಹೇಳುವಾಗ ಇವರ ದನಿ ಏರಿತು. ಇವರೂ ಹಿಂದೊಮ್ಮೆ ನನಗೆ ತಿಳಿಸದೆ ತುಮಕೂರು ರಸ್ತೆಯ ಆಚೆ ಒಂದು ನಿವೇಶನಕ್ಕೆ ಮುಂಗಡ ಕೊಟ್ಟು ಬಂದವರು. ಆಗ ನಾನು ಏನೂ ಅಂದಿರಲಿಲ್ಲ. ಅನ್ನಬೇಕಾದದ್ದನ್ನೆಲ್ಲ ಈಗ ಗೆಳೆಯನ ಹೆಸರಿನಲ್ಲಿ ಅನ್ನುತ್ತಿದ್ದೆ.

ಇವರ ಕಡೆಯಿಂದಲೂ ದೂರುಗಳು ಬಂದವು. "ಮನೆಗೆ ಬಂದರೆ ಅವನ ಜೊತೆ ಕೂತು ಮಾತನಾಡುವವರು ಯಾರಿದ್ದರು? ಅವಳಿಗೆ ಮಗಳಾಯಿತು, ಮೊಬೈಲಾಯಿತು, ಅಕ್ಕತಂಗಿಯರಾದರು." ನಮಗಿರುವುದು ಮಗ, ಅಕ್ಕತಂಗಿಯರು ನನಗೂ ಇದ್ದಾರೆ. ನಾನು ದೀಪ ಆರಿಸಿ ಮಗ್ಗುಲು ಬದಲಿಸಿದೆ. ಇಷ್ಟು ವರ್ಷಗಳಲ್ಲಿ ಇವರು ತಮ್ಮ ಬಗ್ಗೆ ಒಮ್ಮೆಯೂ ಹಾಗೆ ಹೇಳಿಕೊಂಡವರಲ್ಲ. ಹೇಳಿಕೊಳ್ಳಲು ಒಬ್ಬ ಗೆಳೆಯ ಮನೆ ಕಳೆದುಕೊಳ್ಳಬೇಕಾಯಿತು.

ಮದುವೆಯಾದವರು ಇನ್ನೊಬ್ಬರ ಮದುವೆಯ ಬಗ್ಗೆ ಮಾತನಾಡುವಾಗ ಸಾಕ್ಷಿಗಳು ಹೊರಗಿನವರಾದರೂ ಕಟಕಟೆಯಲ್ಲಿರುವವರು ಅಲ್ಲಿ ಕೂತವರೇ. ಇದು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನೇರವಾಗಿ ಹೇಳಿದರೆ ಮನೆ ರಣರಂಗವಾಗುವ ಮಾತುಗಳಿಗೆ ಅವರ ವಿಚ್ಛೇದನ ಒಂದು ಅಡ್ಡದಾರಿ ಕೊಟ್ಟಿತು. ಅಪಾಯವಿರುವುದು ಆ ಇಬ್ಬರಿಗೆ. ನಾವು ನಮ್ಮ ನಮ್ಮ ವಾದಗಳನ್ನು ಬಲಪಡಿಸಿಕೊಳ್ಳುತ್ತಾ ಹೋದಂತೆ ಗೆಳತಿ ನನ್ನ ಬಾಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ನೊಂದವಳಾದಳು, ಗೆಳೆಯ ಇವರ ಬಾಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಒಳ್ಳೆಯವನಾದ. ನಿಜವಾದ ಗೆಳತಿ ಮನೆಗೆ ಬಂದು, ನಗುನಗುತ್ತಾ ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡು, ಹೊಸ ಬಾಡಿಗೆ ಮನೆಯ ಬಾಲ್ಕನಿ ಎಷ್ಟು ಚೆನ್ನಾಗಿದೆ ಎಂದು ಹೇಳಿದಾಗ ನನಗೆ ಒಂದಿಷ್ಟು ಬೇಸರವೇ ಆಯಿತು.

ಬೆಂಗಳೂರಿನಂಥ ಊರಿನಲ್ಲಿ ಸ್ನೇಹಿತರ ಜೋಡಿ ಎಂದರೆ ಬರೀ ಸ್ನೇಹಿತರಲ್ಲ ಎಂಬುದನ್ನೂ ಹೇಳಬೇಕು. ಬಂಧುಗಳು ಹಾಸನದಲ್ಲಿ, ಸಾಗರದಲ್ಲಿ, ಧಾರವಾಡದಲ್ಲಿ ಉಳಿದರು. ನನ್ನ ಬಾಣಂತನದಲ್ಲಿ ಅಮ್ಮ ಊರಿಗೆ ಹೋಗಬೇಕಾಗಿ ಬಂದಾಗ ಮಗುವಿಗೆ ನೀರೆರೆದವಳು ಈ ಗೆಳತಿ. ನನ್ನ ಮಾವನವರು ಆಸ್ಪತ್ರೆಯಲ್ಲಿದ್ದ ರಾತ್ರಿಗಳಲ್ಲಿ ಹೊರಗಿನ ಬೆಂಚಿನ ಮೇಲೆ ಮಲಗಿದವನು ಆ ಗೆಳೆಯ. ಶಾಲೆಯ ಅರ್ಜಿಯಲ್ಲಿ "ತುರ್ತು ಸಂದರ್ಭದಲ್ಲಿ ಯಾರನ್ನು ಸಂಪರ್ಕಿಸಬೇಕು" ಎಂಬಲ್ಲಿ ನಾವು ಬರೆದದ್ದು ಅವರ ಮನೆಯ ನಂಬರು. ದೊಡ್ಡಪ್ಪ ಚಿಕ್ಕಮ್ಮಂದಿರು ಮಾಡುವುದನ್ನೆಲ್ಲ ಮಾಡಿದವರು ಅವರು. ಆದರೆ ಬಂಧುಗಳ ನಡುವೆ ಮದುವೆ ಮುರಿದರೆ ಅದಕ್ಕೊಂದು ಕ್ರಮವಿತ್ತು. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಸೋಡಚೀಟಿ ಆಗುತ್ತಿತ್ತು. ಹಿರಿಯರು ಕೂತು, ಕೊಟ್ಟದ್ದು ತೆಗೆದುಕೊಂಡದ್ದರ ಲೆಕ್ಕ ಮಾಡಿ ಬಿಡುಗಡೆ ಕೊಡುತ್ತಿದ್ದರು. ರೂಢಿಯಲ್ಲಿ ಬಂದ ಇಂಥ ಬಿಡುಗಡೆಯನ್ನು 1955ರ ಹಿಂದೂ ವಿವಾಹ ಕಾಯ್ದೆಯ 29ನೆಯ ಕಲಮು ಇಂದಿಗೂ ತಳ್ಳಿಹಾಕಿಲ್ಲ. ಅದರಲ್ಲಿ ಹೆಣ್ಣಿಗೆ ಎಷ್ಟು ನ್ಯಾಯ ಸಿಗುತ್ತಿತ್ತು ಎಂಬುದು ಬೇರೆ ಮಾತು. ಆದರೆ ಸುತ್ತಲಿನವರಿಗೆ ಇದು ಮುಗಿಯಿತು, ಇಂದಿನಿಂದ ಹೀಗೆ ಎಂದು ಗೊತ್ತಾಗುತ್ತಿತ್ತು.

ನಮಗೆ ಹಾಗೆ ಗೊತ್ತಾಗುವ ದಿನವೇ ಬರುವುದಿಲ್ಲ. 2011ರ ಜನಗಣತಿಯಲ್ಲಿ ವಿಚ್ಛೇದಿತರೆಂದು ಬರೆಸಿದವರು ದೇಶದಲ್ಲಿ ಸುಮಾರು 13.6 ಲಕ್ಷ, ವಿಚ್ಛೇದನವಿಲ್ಲದೆ ಬೇರೆಯಾಗಿರುವವರು ಸುಮಾರು 35 ಲಕ್ಷ. ಅಂದರೆ ಬೇರೆಯಾದವರಲ್ಲಿ ಹೆಚ್ಚಿನವರು ನ್ಯಾಯಾಲಯದ ಕಾಗದವೇ ಇಲ್ಲದೆ ನಡುವೆ ನಿಂತವರು. ಅವರ ಸ್ನೇಹಿತರೂ ನಡುವೆಯೇ ನಿಲ್ಲಬೇಕು. ಒಂದು ವರ್ಷ ಬೇರೆ ಇದ್ದು, ಅರ್ಜಿ ಹಾಕಿ, ಮತ್ತೆ ಆರು ತಿಂಗಳು ಕಾಯುವ ನಮ್ಮ ಗೆಳೆಯ ಗೆಳತಿಯರಂಥವರದು ಸುಲಭದ ದಾರಿ. ಆ ಆರು ತಿಂಗಳನ್ನು ಬಿಟ್ಟುಕೊಡುವ ಅಧಿಕಾರ ನ್ಯಾಯಾಲಯಕ್ಕಿದೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ನಮ್ಮ ಗೆಳತಿಯ ವಕೀಲರು ಅದನ್ನು ಕೋರಲಿಲ್ಲ. ಹಾಗಾಗಿ ಬಳಗಕ್ಕೆ ಆರು ತಿಂಗಳ ಅವಕಾಶ ಸಿಕ್ಕಿತು.

ಅವಕಾಶವನ್ನು ನಾವು ಬಳಸಿಕೊಂಡ ರೀತಿ ನೆನೆದರೆ ಈಗ ನಗು ಬರುತ್ತದೆ. "ಇಬ್ಬರನ್ನೂ ಕೂರಿಸಿ ಮಾತನಾಡಿಸೋಣ" ಎಂದು ಎಲ್ಲರೂ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯವಿರುವಂತೆ ಮಧ್ಯಸ್ಥಿಕೆ ಕೇಂದ್ರವೂ ಇದೆ. ಅಲ್ಲಿ ತರಬೇತಾದ ಮಧ್ಯಸ್ಥರು ಎರಡೂ ಕಡೆಯವರನ್ನು ಬೇರೆ ಬೇರೆಯಾಗಿ ಕೇಳುತ್ತಾರೆ, ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ. ನಮ್ಮ ಮಧ್ಯಸ್ಥಿಕೆ ಚಕ್ಕುಲಿ ಕಾಫಿಗಳ ನಡುವೆ ನಡೆಯುತ್ತಿತ್ತು, ಆಡಿದ ಮಾತು ರಾತ್ರಿಯೊಳಗೆ ನಾಲ್ಕೂ ಮನೆ ಸುತ್ತುತ್ತಿತ್ತು. ನಮ್ಮಲ್ಲಿ ಒಬ್ಬರಂತೂ ಒಬ್ಬರಿಗೊಬ್ಬರಿಗೆ ತಿಳಿಯದಂತೆ ಇಬ್ಬರನ್ನೂ ಸಕಲೇಶಪುರದ ಒಂದೇ ಹೋಂಸ್ಟೇಗೆ ಕರೆದರು. ಇಬ್ಬರೂ ಬಂದರು, ಪರಸ್ಪರ ನೋಡಿ ನಕ್ಕರು, ಮಗಳ ಫೀಸಿನ ಬಗ್ಗೆ ಮಾತನಾಡಿಕೊಂಡರು, ಬೇರೆ ಬೇರೆ ಕಾರಿನಲ್ಲಿ ಹಿಂದಿರುಗಿದರು. ದಾರಿಯುದ್ದಕ್ಕೂ ಜಗಳವಾಡಿದವರು ಅವರನ್ನು ಕರೆಸಿದ ದಂಪತಿ.

ಗುಟ್ಟಿನ ಮಾತು ಬಂದದ್ದರಿಂದ ಇದನ್ನು ಹೇಳುತ್ತೇನೆ. "ನಿನಗೆ ಮಾತ್ರ ಹೇಳುತ್ತಿದ್ದೇನೆ" ಎಂದು ಗೆಳತಿ ಹೇಳಿದರೆ ಅದರಲ್ಲಿ ನನ್ನ ಗಂಡ ಸೇರುತ್ತಾರೋ ಇಲ್ಲವೋ? ಮದುವೆಯಾದ ಹೆಂಗಸಿಗೆ ಹೇಳಿದ್ದು ಗಂಡನಿಗೂ ಗೊತ್ತಾಗುತ್ತದೆ ಎಂದು ಸಾಮಾನ್ಯವಾಗಿ ಎಲ್ಲರೂ ಎಣಿಸಿಕೊಂಡೇ ಹೇಳುತ್ತಾರೆ. ಇಲ್ಲಿ ಇವರು ಎದುರು ಪಕ್ಷದ ಆಪ್ತ. ಹಾಗಾಗಿ ನಾನು ಹೇಳಲಿಲ್ಲ. ಗೆಳೆಯ ತಮಗೆ ಹೇಳಿದ್ದನ್ನು ಇವರೂ ಹೇಳಲಿಲ್ಲ. ಮದುವೆಯಾದ ಮೇಲೆ ಮೊದಲ ಬಾರಿಗೆ ನಮ್ಮಿಬ್ಬರ ನಡುವೆ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರು ಕೇಳಬಾರದ ವಿಷಯಗಳು ಬಂದವು. ಎಲ್ಲವನ್ನೂ ಹೇಳಿಕೊಳ್ಳುವುದೇ ದಾಂಪತ್ಯ ಎಂದು ಉಪದೇಶಿಸುವವರಿಗೆ ಇದು ಹಿಡಿಸಲಿಕ್ಕಿಲ್ಲ. ನನಗಂತೂ ಇವರು ಆ ಮಟ್ಟಿಗೆ ಬಾಯಿ ಬಿಗಿಹಿಡಿಯಬಲ್ಲರು ಎಂದು ಕಂಡು ಗೌರವ ಹೆಚ್ಚಿತು.

ನಿಜವಾಗಿ ಕಷ್ಟವಾದದ್ದು ಗೌರಿ ಹಬ್ಬಕ್ಕೆ. ಪ್ರತಿ ವರ್ಷ ನಾವು ನಾಲ್ವರೂ ಒಬ್ಬರಿಗೊಬ್ಬರು ಮೊರದ ಬಾಗಿನ ಕೊಟ್ಟುಕೊಳ್ಳುತ್ತೇವೆ. ಬಾಗಿನ ಮುತ್ತೈದೆಯರಿಗೆ. ಅರ್ಜಿ ಹಾಕಿ ಆಗಿರುವ, ತೀರ್ಪು ಬಂದಿರದ ಗೆಳತಿ ಯಾರು? ನನ್ನ ವಯಸ್ಸಿನ, ಕಚೇರಿಯಲ್ಲಿ ಸಮಾನತೆಯ ಬಗ್ಗೆ ಭಾಷಣ ಮಾಡುವ ಹೆಂಗಸರೇ ತಡವರಿಸಿದರು. "ಅವಳಿಗೇ ಮುಜುಗರವಾಗಬಹುದು" ಎಂದರು. ಈ ಮಾತಿನಷ್ಟು ಅನುಕೂಲದ ಮಾತು ಇನ್ನೊಂದಿಲ್ಲ. ನಮ್ಮ ಮುಜುಗರವನ್ನು ಅವಳ ತಲೆಗೆ ಕಟ್ಟಿದರೆ ಕರೆಯದೆ ಇದ್ದದ್ದೂ ಕರುಣೆಯಾಗುತ್ತದೆ. ಕೊನೆಗೆ ನನ್ನ ಅತ್ತೆ, ಜಪಸರ ಕೆಳಗಿಡದೆ, ವಿಷಯ ತೀರ್ಮಾನಿಸಿದರು: "ಗಂಡ ಬದುಕಿದ್ದಾನೆ, ಹಣೆಯಲ್ಲಿ ಕುಂಕುಮ ಇದೆ. ನಿಮ್ಮ ಕೋರ್ಟು ಕಚೇರಿ ಎಲ್ಲ ಗೌರಿಗೆ ಯಾಕೆ? ಕರೆಯಿರಿ." ಗೆಳತಿ ಬಂದಳು. ತಾನೂ ಬಾಗಿನ ತಂದಿದ್ದಳು. ತೀರ್ಪು ಬಂದ ನಂತರದ ವರ್ಷ ನಾನು ಅತ್ತೆಯನ್ನು ಕೇಳಲು ಹೋಗಲಿಲ್ಲ, ಸುಮ್ಮನೆ ಕರೆದೆ. ಅತ್ತೆಯೂ ಏನೂ ಕೇಳಲಿಲ್ಲ. ಹೋಳಿಗೆಗೆ ತುಪ್ಪ ಸಾಲದೆಂದು ಅವಳಿಗೆ ಮತ್ತೊಂದು ಚಮಚ ಹಾಕಿದರು. ಬಳಗದ ಇನ್ನೊಂದು ಮನೆಯಲ್ಲಿ ಮಾತ್ರ ಅವಳಿಗೆ ಆ ವರ್ಷ ಕರೆ ಹೋಗಲಿಲ್ಲ. ಅಲ್ಲಿನ ಕಾರಣ ಬಾಗಿನವೂ ಅಲ್ಲ. ಒಂಟಿಯಾದ ಹೆಂಗಸು ತನ್ನ ಗಂಡನೊಂದಿಗೆ ಸಲುಗೆಯಿಂದ ಮಾತನಾಡುವುದು ಆ ಮನೆಯಾಕೆಗೆ ಇದ್ದಕ್ಕಿದ್ದಂತೆ ಕಣ್ಣಿಗೆ ಬೀಳತೊಡಗಿತ್ತು. ಹಿಂದೆಯೂ ಅವಳು ಹಾಗೆಯೇ ಮಾತನಾಡುತ್ತಿದ್ದಳು. ಈ ವಿಷಯದಲ್ಲಿ ನನಗೆ ಸಹನೆ ಕಡಿಮೆ, ಮುಂದೆ ಬರೆದರೆ ಇನ್ನೊಂದು ಸ್ನೇಹವೂ ಹೋದೀತು.

ಗೆಳತಿಯನ್ನು ಕರೆಯಬೇಕೇ ಬೇಡವೇ ಎಂದು ಇಷ್ಟು ಚರ್ಚಿಸಿದೆವಲ್ಲ, ಗೆಳೆಯನ ಬಗ್ಗೆ ಚರ್ಚೆಯೇ ಆಗಲಿಲ್ಲ. ಗಣೇಶನ ಹಬ್ಬದ ಊಟಕ್ಕೆ ಅವನಿರಲಿಲ್ಲ. "ನೀನು ಕರೆಯಲಿಲ್ಲವೇ?" ಎಂದು ಇವರು ನನ್ನನ್ನು ಕೇಳಿದರು. "ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನೀವು" ಎಂದೆ. ನಮ್ಮ ಮನೆಗಳಲ್ಲಿ ಯಾರನ್ನು ಕರೆಯಬೇಕು, ಯಾರ ಮಗುವಿನ ಹುಟ್ಟುಹಬ್ಬ ಯಾವಾಗ, ಯಾರಿಗೆ ಬದನೆಕಾಯಿ ಆಗುವುದಿಲ್ಲ ಎಂಬುದೆಲ್ಲ ಹೆಂಗಸರ ತಲೆಯಲ್ಲಿರುತ್ತದೆ. ಗಂಡಸರ ಸ್ನೇಹ ಹೆಂಡತಿಯರ ಫೋನಿನ ಮೂಲಕ ಸಾಗುತ್ತದೆ. ಹೆಂಡತಿ ಹೋದರೆ ಸ್ನೇಹಿತರ ಮನೆಯ ಊಟದ ದಾರಿಯೂ ಹೋಗುತ್ತದೆ. ಗೆಳೆಯ ಆ ಹಬ್ಬದ ದಿನ ದರ್ಶಿನಿಯೊಂದರಲ್ಲಿ ನಿಂತು ಊಟ ಮಾಡಿದನಂತೆ. ಅದನ್ನು ಹೇಳಿದವಳು ಗೆಳತಿ, ಅವಳಿಗೆ ಹೇಳಿದವಳು ಮಗಳು. ಆಮೇಲೆ ಇವರು ತಾವೇ ಫೋನು ಮಾಡಿ ಕರೆಯುವುದನ್ನು ಕಲಿತರು. ಅಡುಗೆಗೆ ಏನು ಮಾಡಿಸಲಿ ಎಂದು ಕೇಳುವುದನ್ನು ಕೂಡ.

ಮಕ್ಕಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬುದು ಸುಳ್ಳಲ್ಲ, ಆ ಹುಡುಗಿ ಅನುಭವಿಸಿದ್ದನ್ನು ಬರೆಯುವ ಹಕ್ಕು ನನ್ನದಲ್ಲ. ನನ್ನ ಮಗ ಮಾತ್ರ ವ್ಯವಸ್ಥೆಯನ್ನು ನಮಗಿಂತ ಬೇಗ ಅರ್ಥ ಮಾಡಿಕೊಂಡ. ಶುಕ್ರವಾರ ಅವಳಿಗೆ ಫೋನು ಮಾಡಿ "ಈ ವಾರ ಯಾವ ಮನೆ?" ಎಂದು ಕೇಳಿ ಸೈಕಲ್ ಹೊರಡಿಸುತ್ತಿದ್ದ ಅಥವಾ ನಮ್ಮನ್ನು ಕಾರು ತೆಗೆಯಲು ಹೇಳುತ್ತಿದ್ದ.

"ನಾವು ಇಬ್ಬರಿಗೂ ಸಮಾನ ಸ್ನೇಹಿತರು" ಎಂದು ಹೇಳಿಕೊಂಡ ಮೂರನೆಯ ಜೋಡಿ ಈಗ ಇಬ್ಬರ ಬಳಿಯೂ ಮಾತನಾಡುವುದಿಲ್ಲ, ಸಮಾನವಾಗಿಯೇ ಬಿಟ್ಟರು. ಒಂದು ಕಡೆ ವಾಲುವುದು ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ನಾನು ಗೆಳತಿಯ ಕಡೆಯವಳು, ಇವರು ಗೆಳೆಯನ ಕಡೆಯವರು, ಇದು ನಾಲ್ವರಿಗೂ ಗೊತ್ತು. ಗೊತ್ತಿರುವುದರಿಂದಲೇ ಗೆಳೆಯ ನನ್ನೆದುರು ಅವಳನ್ನು ದೂರುವುದಿಲ್ಲ, ನಾನು ಅವನಿಗೆ ಸಮಜಾಯಿಷಿ ಕೇಳುವುದಿಲ್ಲ, ಇಬ್ಬರೂ ಬೇರೆ ವಿಷಯ ಮಾತನಾಡುತ್ತೇವೆ.

ಕಳೆದ ತಿಂಗಳು ಊರಿಂದ ಬರುವಾಗ ಚನ್ನರಾಯಪಟ್ಟಣ ದಾಟಿದ ಮೇಲೆ ಇವರು, "ನಾವು ಬೇರೆಯಾದರೆ ಯಾರು ಯಾರಿಗೆ?" ಎಂದು ಕೇಳಿದರು. ತಮಾಷೆಗೆ ಎಂದುಕೊಂಡು ಹಂಚಲು ಕೂತೆವು. ಮೂರನೆಯ ಜೋಡಿಯನ್ನು ಇಬ್ಬರೂ ಉದಾರವಾಗಿ ಬಿಟ್ಟುಕೊಟ್ಟೆವು. ಎದುರು ಮನೆಯ ಡಾಕ್ಟರರನ್ನು ಬಿಡಲು ಇಬ್ಬರೂ ತಯಾರಿರಲಿಲ್ಲ; ಮಧುಮೇಹ ಇರುವುದು ತಮಗೆ ಎಂದು ಇವರು, ಅವರ ಹೆಂಡತಿಯೊಂದಿಗೆ ಸಂಗೀತ ಕಲಿಯುವುದು ನಾನು ಎಂದು ನಾನು. ಅತ್ತೆ ಯಾರಿಗೆ ಎಂಬ ಪ್ರಶ್ನೆಗೆ ಇವರು ಬಾಯಿ ತೆರೆಯುವ ಮುನ್ನವೇ "ನನಗೆ" ಎಂದೆ. ಇವರು ಸ್ವಲ್ಪ ದೂರ ಸುಮ್ಮನೆ ಕಾರು ಓಡಿಸಿದರು. ಆಮೇಲೆ, "ಸರಿ, ಗೆಳತಿ ನಿನಗೆ, ಅವನು ನನಗೆ. ಅದರಲ್ಲಿ ತಕರಾರಿಲ್ಲ ತಾನೇ?" ಎಂದರು. ತಕರಾರು ಇದೆ ಎಂದೆ. ನನ್ನ ಮಾವನಿಗಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನನ್ನು ನಾನೇಕೆ ಬಿಟ್ಟುಕೊಡಲಿ? ಹಿರೀಸಾವೆ ದಾಟುವ ತನಕ ಅದೇ ವಾದ ನಡೆಯಿತು.